ಕೂಗದ ನೋವು

ದಯೆಯನ್ನು ಹೊಗಳದ ಮತವಿಲ್ಲ. ದಯೆಯನ್ನು ಬೋಧಿಸದ ಪಾಠಪುಸ್ತಕವಿಲ್ಲ. ಆದರೆ ದಯೆಯೆಂದರೇನು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಮತ್ತೊಂದು ಜೀವದ ಅಳುವನ್ನು ಕೇಳಿ ಮನಸ್ಸು ಕರಗುವುದು. ಈ ಉತ್ತರದಲ್ಲಿ ಒಂದು ಕೊರತೆಯುಂಟು. ಅಳುವವರ ನೋವು ತಾನಾಗಿಯೇ ಬಂದು ನಮ್ಮ ಕಿವಿಗೆ ಬೀಳುತ್ತದೆ. ಅದನ್ನು ತಿಳಿಯಲು ನಾವು ಪಡಬೇಕಾದ ಶ್ರಮವೇನೂ ಇಲ್ಲ. ನಾಯಿ ಕುಂಯ್ಗುಟ್ಟುತ್ತದೆ, ಆಕಳು ಅಂಬಾ ಎನ್ನುತ್ತದೆ, ಕೂಸು ಓಣಿಯೆಲ್ಲ ಕೇಳುವಂತೆ ಅಳುತ್ತದೆ. ಆದರೆ ಕೂಗಲಾರದ ಜೀವಕ್ಕೆ ನೋವಾದಾಗ ಅದನ್ನು ತಿಳಿಯಬೇಕಾದವರು ಯಾರು? ತಿಳಿದ ಮೇಲೆ ಮಾಡಬೇಕಾದುದು ಏನು? ಒಂದರ ನೋವು, ಉಳಿದ ನಾಲ್ಕರ ಕ್ಷೇಮ ಇವೆರಡೂ ಎದುರುಬದುರಾಗಿ ನಿಂತಾಗ ಧರ್ಮ ಯಾವ ಕಡೆಗೆ? ಈ ಪ್ರಶ್ನೆಗಳನ್ನು ವಿಚಾರಿಸುವುದಕ್ಕೆ ನಾವು ದೊಡ್ಡ ದೊಡ್ಡ ಉದಾಹರಣೆಗಳನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಸಾಂಗಲಿ ಅಥವಾ ಮಿರಜದ ಯಾವುದೋ ಒಂದು ಮನೆಯ ಹಿತ್ತಲಲ್ಲಿರುವ ಮೊಲದ ಗೂಡು ಸಾಕು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜತ್ತ ತಾಲೂಕಿನ ಬಯಲುಗಳಲ್ಲಿ ಜೋಳದ ಹೊಲದಿಂದ ಹೊಲಕ್ಕೆ ಜಿಗಿಯುವ ಕಾಡುಮೊಲ ಬೇರೆ. ಗೂಡಿನಲ್ಲಿರುವ ಸಾಕುಮೊಲ ಬೇರೆ. ಕನ್ನಡದಲ್ಲಿ ಎರಡೂ ಮೊಲಗಳೇ, ಮರಾಠಿಯಲ್ಲಿ ಎರಡೂ ಸಸಾ. ಆದರೆ ಕಾಡುಮೊಲದ ಮರಿ ಮೈತುಂಬ ಕೂದಲಿನೊಡನೆ, ಕಣ್ಣು ತೆರೆದುಕೊಂಡೇ ಬಯಲಿನಲ್ಲಿ ಹುಟ್ಟುತ್ತದೆ. ಸಾಕುಮೊಲದ ಮರಿ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಬಿಲದಲ್ಲಿಯೋ ಗೂಡಿನಲ್ಲಿಯೋ ಹುಟ್ಟುತ್ತದೆ. ಕಾಡುಮೊಲವನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವಕಾಶ ಕೊಡುವುದಿಲ್ಲ. ನಾವು ಇಲ್ಲಿ ಹೇಳುತ್ತಿರುವುದು ಸಾಕುಮೊಲವನ್ನು ಕುರಿತು. ಅದರ ಪೂರ್ವಜರು ಸ್ಪೇನ್ ದೇಶದ ಕಡೆಯ ತಂಪು ಬಿಲಗಳಲ್ಲಿ ವಾಸಿಸಿದವರು. ನಮ್ಮ ಕೃಷ್ಣಾತೀರದ ಚೈತ್ರ-ವೈಶಾಖದ ಬಿಸಿಲಿಗೆ ಅದು ಪರದೇಶಿ.

ಈಗ ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಮಿರಜದ ಒಂದು ಮನೆಯಲ್ಲಿ ಐದು ಮೊಲಗಳಿವೆ. ಬೇವಿನ ಮರದ ಕೆಳಗೆ ತಂತಿಯ ಬಲೆ ಹೊಡೆದ ಮರದ ಗೂಡು. ಬೆಳಿಗ್ಗೆ ಗರಿಕೆಯನ್ನೋ ಕುದುರೆಮೆಂತೆಯ ಸೊಪ್ಪನ್ನೋ ಹಾಕಿದ ಕೂಡಲೇ ಐದೂ ಓಡಿಬರುವುದು ರೂಢಿ. ಒಂದು ದಿನ ನಾಲ್ಕು ಬಂದವು. ಐದನೆಯದು ಮೂಲೆಯಲ್ಲಿಯೇ ಮುದುಡಿ ಕುಳಿತಿತು. ರಕ್ತವಿಲ್ಲ, ಕೂಗಿಲ್ಲ, ಕಣ್ಣು ಮಾತ್ರ ಅರ್ಧ ಮುಚ್ಚಿದೆ. ಮನೆಯಲ್ಲಿ ನಾಲ್ಕು ಬಗೆಯ ಮಾತು ಹುಟ್ಟಿತು. ಅಜ್ಜ, "ಮೂಕಪ್ರಾಣಿ, ತನ್ನ ಔಷಧ ತಾನೇ ಬಲ್ಲದು, ಬಿಟ್ಟುಬಿಡಿರಿ" ಎಂದರು. ಅಪ್ಪ, "ಉಳಿದ ನಾಲ್ಕಕ್ಕೆ ಹತ್ತಿದರೆ ಗತಿಯೇನು? ಇದನ್ನು ಮೊದಲು ಹೊರಗೆ ಹಾಕಬೇಕು" ಎಂದ. ಅವ್ವ ಮನೆಯಲ್ಲಿ ಉಳಿದಿದ್ದ ಗುಳಿಗೆಯೊಂದರ ಚೂರನ್ನು ಅರೆದು ಕುಡಿಸಲು ಹೊರಟಳು. ಮಗನಂತೂ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೆಳಗಿಡಲೇ ಒಲ್ಲ. ಈ ನಾಲ್ವರಲ್ಲಿ ಕೆಟ್ಟವರು ಯಾರೂ ಇಲ್ಲ. ಒಬ್ಬೊಬ್ಬರ ಮಾತಿನಲ್ಲಿಯೂ ಧರ್ಮದ ಒಂದೊಂದು ತುಣುಕಿದೆ. ಆದರೆ ನಾಲ್ಕು ತುಣುಕುಗಳನ್ನು ಕೂಡಿಸುವ ವಸ್ತುವೊಂದು ಅಲ್ಲಿ ಇಲ್ಲ. ಅದು ತಿಳುವಳಿಕೆ.

ಮೊಲವು ಏಕೆ ಕೂಗುವುದಿಲ್ಲ? ಅದು ಬೇಟೆಯಾಗುವ ಪ್ರಾಣಿ. ನರಿ, ಹದ್ದು, ಬೆಕ್ಕು ಇವೆಲ್ಲ ಹಿಂಡಿನಲ್ಲಿ ದುರ್ಬಲವಾದುದನ್ನೇ ಆರಿಸಿಕೊಳ್ಳುತ್ತವೆ. ಆದುದರಿಂದ ನೋವನ್ನು ಹೊರಗೆ ತೋರಿದ ಮೊಲ ಉಳಿಯಲಿಲ್ಲ, ಮರೆಮಾಡಿದ್ದು ಉಳಿಯಿತು. ಹೀಗೆ ಅದರ ಮೌನವು ಸಾವಿರಾರು ತಲೆಮಾರುಗಳ ಭಯದಿಂದ ಬಂದ ರಕ್ಷಾಕವಚ. ಪ್ರಾಣಭಯದಲ್ಲಿ ಒಮ್ಮೊಮ್ಮೆ ಚೀರುವುದುಂಟು. ಆದರೆ ಆ ಚೀರು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಬಹುಶಃ ಕಾಲ ಮೀರಿರುತ್ತದೆ. ಮಿರಜವು ಆಸ್ಪತ್ರೆಗಳ ಊರು. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರ ಆಸ್ಪತ್ರೆ 1894ರಲ್ಲಿ ಇಲ್ಲಿ ಆರಂಭವಾದಂದಿನಿಂದ ಕರ್ನಾಟಕದ ಹಳ್ಳಿಗಳಿಂದಲೂ ರೋಗಿಗಳು ಈ ಊರಿಗೆ ಬಂದಿದ್ದಾರೆ. ಬಂದವರನ್ನು ವೈದ್ಯರು ಕೇಳುವ ಮೊದಲ ಪ್ರಶ್ನೆ "ಎಲ್ಲಿ ನೋಯುತ್ತದೆ?" ಎಂಬುದು. ಮೊಲದ ವಿಷಯದಲ್ಲಿ ಈ ಮೊದಲ ಪ್ರಶ್ನೆಯೇ ವ್ಯರ್ಥ. ಉತ್ತರವನ್ನು ನಮ್ಮ ಕಣ್ಣೇ ಹುಡುಕಬೇಕು.

ಹುಡುಕಿದರೆ ಉತ್ತರ ಸಿಗದೆ ಇಲ್ಲ. 2012ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಮೊಲದ ಮುಖದಲ್ಲಿ ನೋವಿನ ಐದು ಗುರುತುಗಳನ್ನು ಪಟ್ಟಿಮಾಡಿದರು: ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆಯ ಆಕಾರ ಬದಲಾಗುವುದು, ಮೀಸೆಯ ಕೂದಲು ಬಿಗಿಯುವುದು, ಕಿವಿಗಳು ಮಡಿಚಿ ಹಿಂದಕ್ಕೆ ಸರಿಯುವುದು. ಇವಲ್ಲದೆ ಬೆನ್ನು ಗೂನಾಗುವುದು, ಗಟ್ಟಿಯಾಗಿ ಹಲ್ಲು ಕಡಿಯುವುದು, ಜೊತೆಯವರಿಂದ ದೂರ ಸರಿಯುವುದು, ಹಿಕ್ಕೆ ಸಣ್ಣದಾಗುವುದು ಅಥವಾ ನಿಂತುಹೋಗುವುದು, ಇವೆಲ್ಲವೂ ಅದರ ಮಾತುಗಳೇ. ಎಲ್ಲಕ್ಕೂ ಮಿಗಿಲಾದುದು ಮೇವು ಬಿಡುವುದು. ಮೊಲದ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ. ದೊಡ್ಡ ಕರುಳಿನ ಮೊದಲಲ್ಲಿರುವ ಒಂದು ದೊಡ್ಡ ಚೀಲದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಅದಕ್ಕೆ ಆಹಾರವನ್ನು ಸಿದ್ಧಪಡಿಸುತ್ತವೆ. ಹೀಗೆ ಸಿದ್ಧವಾದುದು ಮೆತ್ತಗಿನ ಹಿಕ್ಕೆಯಾಗಿ ಹೊರಬಂದಾಗ ಮೊಲ ಅದನ್ನು ತಾನೇ ತಿನ್ನುತ್ತದೆ. ಅದು ಹೊಲಸುತನವಲ್ಲ, ಅದರ ಎರಡನೆಯ ಊಟ. ಈ ಯಂತ್ರ ಹಗಲಿರುಳೂ ನಡೆಯುತ್ತಿರಬೇಕು. ಅರ್ಧ ದಿನ ಮೇವು ತಿನ್ನದ ಮೊಲದ ಕರುಳು ಜಡವಾಗತೊಡಗುತ್ತದೆ, ವಾಯು ತುಂಬುತ್ತದೆ. ವಾಂತಿಮಾಡಿ ಹಗುರಾಗುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದ "ಇಂದು ತಿನ್ನಲಿಲ್ಲ, ನಾಳೆ ನೋಡೋಣ" ಎಂಬ ಮಾತನ್ನು ನಾಯಿಯ ವಿಷಯದಲ್ಲಿ ಆಡಬಹುದೇನೋ. ಮೊಲದ ವಿಷಯದಲ್ಲಿ ಆಡಕೂಡದು.

ಇಷ್ಟು ತಿಳಿದ ಮೇಲೆ ಆ ಮನೆಯ ನಾಲ್ಕು ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ. ಅವ್ವನ ಗುಳಿಗೆಯಲ್ಲಿ ಕರುಣೆಯಿದೆ, ತಿಳುವಳಿಕೆಯಿಲ್ಲ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮೊದಲಾದ ಔಷಧಗಳು ಲೆಕ್ಕವಿಲ್ಲದಷ್ಟು ಮನುಷ್ಯರನ್ನು ಉಳಿಸಿವೆ. ಅವನ್ನೇ ಮೊಲಕ್ಕೆ ಬಾಯಿಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಉಂಟುಮಾಡುವವು ಹೆಚ್ಚಿ, ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಮಗನ ಅಪ್ಪುಗೆಯಲ್ಲಿ ಪ್ರೀತಿಯಿದೆ. ಆದರೆ ಮೊಲಕ್ಕೆ ಮೇಲಿನಿಂದ ಬಂದು ಎತ್ತುವ ಕೈ ಹದ್ದಿನ ಉಗುರಿನಂತೆ ತೋರುತ್ತದೆ. ಅದರ ಎಲುಬುಗಳೆಲ್ಲ ಕೂಡಿ ಮೈತೂಕದ ನೂರಕ್ಕೆ ಸುಮಾರು 8 ಪಾಲು ಮಾತ್ರ. ಹಿಂಗಾಲುಗಳ ಬಲವೋ ಅಪಾರ. ಹೆದರಿ ಒದ್ದುಕೊಂಡರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುತ್ತದೆ. ಚಿತ್ರಗಳಲ್ಲಿ ನೋಡಿ ಕಿವಿ ಹಿಡಿದು ಎತ್ತುವುದಂತೂ ಶುದ್ಧ ಹಿಂಸೆ. ಹೀಗೆ, ತಿಳಿಯದ ಕರುಣೆಯೂ ಕೊಲ್ಲಬಲ್ಲದು, ಅತಿಯಾದ ಪ್ರೀತಿಯೂ ಮುರಿಯಬಲ್ಲದು. ಉದ್ದೇಶ ಒಳ್ಳೆಯದಾಗಿದ್ದರೆ ಸಾಲದೇ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ: ತಿಳಿಯಲು ಅವಕಾಶವಿದ್ದೂ ತಿಳಿದುಕೊಳ್ಳದೆ ಇರುವುದು ಒಳ್ಳೆಯ ಉದ್ದೇಶದಲ್ಲಿಯೇ ಇರುವ ಒಂದು ಬಿರುಕು.

ಇನ್ನು ಅಜ್ಜನ ಮಾತು. ಪ್ರಕೃತಿಗೆ ಬಿಟ್ಟುಬಿಡಬೇಕೆಂಬುದು ನಮ್ಮ ಹಿರಿಯರಲ್ಲಿ ಹಲವರ ಮತ; ಅದರಲ್ಲಿ ವಿನಯವಿದೆ. ಕಾಡಿನ ಪ್ರಾಣಿಯ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಆದರೆ ಗೂಡು ಪ್ರಕೃತಿಯಲ್ಲ. ಕಾಡಿನಲ್ಲಿದ್ದರೆ ಬಿಸಿಲು ಹೆಚ್ಚಾದಾಗ ಮೊಲ ಬಿಲಕ್ಕೆ ಇಳಿಯುತ್ತಿತ್ತು. ಇಲ್ಲಿ ತಗಡಿನ ಮಾಡಿನ ಕೆಳಗೆ ಕುದಿಯುತ್ತದೆ. ಮೈಬೆವರದ ಪ್ರಾಣಿಗೆ ಗಾಳಿಯ ಉಷ್ಣತೆ 30 ಡಿಗ್ರಿಯನ್ನು ದಾಟಿದರೇ ಕಷ್ಟ; ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 40ರ ಹತ್ತಿರಕ್ಕೆ ಹೋಗುತ್ತದೆ. ಅಲ್ಲಿ ತನಗೆ ಬೇಕಾದ ಹುಲ್ಲನ್ನು ತಾನೇ ಆರಿಸುತ್ತಿತ್ತು. ಇಲ್ಲಿ ನಾವು ಹಾಕಿದ ರೊಟ್ಟಿಯ ಚೂರು, ಬಿಸ್ಕೀಟು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಅದರ ಹಲ್ಲು ಬಾಳಿನುದ್ದಕ್ಕೂ ಬೆಳೆಯುತ್ತದೆ, ಮುಂದಿನ ಹಲ್ಲುಗಳು ವಾರಕ್ಕೆ ಎರಡು ಮೂರು ಮಿಲಿಮೀಟರಿನಷ್ಟು. ಒರಟು ಹುಲ್ಲನ್ನು ಅಗಿಯದಿದ್ದರೆ ಅವು ಸವೆಯದೆ ಬೆಳೆದು ಬಾಯೊಳಗೇ ಚುಚ್ಚುತ್ತವೆ. ಶತ್ರು ಬಂದರೆ ಓಡುತ್ತಿತ್ತು. ಇಲ್ಲಿ ಎರಡು ಗಂಡುಗಳು ಕಾದಾಡಿದರೆ ಸೋತದ್ದಕ್ಕೆ ಓಡಲು ಜಾಗವಿಲ್ಲ. ಅಂದರೆ ಗೂಡಿನ ಬಾಗಿಲನ್ನು ಮುಚ್ಚಿದ ಗಳಿಗೆಯಲ್ಲಿ ನಾವು ಆ ಪ್ರಾಣಿಯಿಂದ ಅದರ ಎಲ್ಲ ಮದ್ದುಗಳನ್ನೂ ಕಸಿದುಕೊಂಡೆವು. ಕಸಿದುಕೊಂಡವನು, "ಅದು ತನ್ನ ಔಷಧ ತಾನೇ ಬಲ್ಲದು" ಎಂದರೆ ಅದು ನ್ಯಾಯವಾಗದು. ನಮ್ಮ ಹೊಣೆ ಹುಟ್ಟುವುದು ಮೊಲದ ಅಂದದಿಂದಲ್ಲ, ಅದರ ಮೇಲಿನ ನಮ್ಮ ಮಮತೆಯಿಂದಲೂ ಅಲ್ಲ. ಗೂಡಿಗೆ ಹಾಕಿದ ಅಗುಳಿಯಿಂದ. ಮಮತೆ ಇಂದು ಇದ್ದು ನಾಳೆ ಇಲ್ಲವಾಗಬಹುದು. ಅಗುಳಿ ಇರುವವರೆಗೂ ಹೊಣೆ ಇದೆ. ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡವನು ಅದರ ಕ್ಷೇಮಕ್ಕೆ ಬೇಕಾದ ಕ್ರಮಗಳನ್ನು ಕೈಕೊಳ್ಳತಕ್ಕದ್ದೆಂಬುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 3ನೆಯ ಕಲಮು.

ಈ ಹೊಣೆಯನ್ನು ತಪ್ಪಿಸಿಕೊಳ್ಳುವ ಮತ್ತೊಂದು ದಾರಿ ಹಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಮೊಲ ಸಾಕಿದವರಲ್ಲಿಯೂ ಈ ಗಾದೆಗೆ ಉದಾಹರಣೆಗಳು ದೊರೆಯುತ್ತವೆ. ಕಾಲನ್ನು ಊರದೆ ಕುಂಟುವ ಮೊಲವನ್ನು ತೋರಿಸಿದರೂ "ಅದರ ನಡಿಗೆಯೇ ಹಾಗೆ" ಎನ್ನುವರು. ಕಿವಿಯೊಳಗೆ ಕಂದು ಹಕ್ಕಳೆ ಕಟ್ಟಿದ್ದನ್ನು ತೋರಿಸಿದರೆ "ಅದು ಮಣ್ಣು" ಎನ್ನುವರು. ಒಪ್ಪಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ. ಮಾಡುವುದು ತ್ರಾಸಿನ ಕೆಲಸ. ಆದುದರಿಂದ ಕಣ್ಣೇ ಕಾಣದಂತೆ ಮಾಡಿಕೊಳ್ಳುವರು. ಕಾಣದಿರುವುದು ಬೇರೆ, ಕಾಣಲು ಒಲ್ಲದಿರುವುದು ಬೇರೆ. ಮೊದಲನೆಯದಕ್ಕೆ ಶಿಕ್ಷಣವೇ ಮದ್ದು. ಎರಡನೆಯದು ನೀತಿಯ ಪ್ರಶ್ನೆ.

ಎಲ್ಲಕ್ಕಿಂತ ತೊಡಕಾದುದು ಅಪ್ಪನ ಮಾತು. ನಾಲ್ಕರ ಕ್ಷೇಮಕ್ಕಾಗಿ ಒಂದನ್ನು ಹೊರಗಿಡುವುದು ಸರಿಯೇ? ಇದಕ್ಕೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಹೇಳಲಾಗದು. ಏಕೆಂದರೆ ರೋಗದ ಸ್ವರೂಪವನ್ನು ನೋಡಿ ಧರ್ಮವನ್ನು ನಿಶ್ಚಯಿಸಬೇಕಾಗಿದೆ. ಕಿವಿಯ ಕಜ್ಜಿ ನುಸಿಯಂಥ ಸಣ್ಣ ಹುಳುವಿನಿಂದ ಬರುತ್ತದೆ. ಅದು ಒಂದರಿಂದ ಒಂದಕ್ಕೆ ಹತ್ತುತ್ತದೆ. ಮೂಗು ಸೋರಿ ಸೀನುವ ರೋಗ, ಎಳೆಯ ಮರಿಗಳನ್ನು ಕೊಲ್ಲುವ ಕಾಕ್ಸಿಡಿಯಾ ಎಂಬ ಭೇದಿ, ಇವೂ ಅಂಟುವಂಥವೇ. ಅಂಥಲ್ಲಿ ಬೇರೆ ಇಡುವುದು ಕರ್ತವ್ಯ. ಆದರೆ ಮುರಿದ ಕಾಲು ಅಂಟುವುದಿಲ್ಲ. ಬೆಳೆದ ಹಲ್ಲು ಅಂಟುವುದಿಲ್ಲ. ಕರುಳು ಜಡವಾದುದೂ ಅನೇಕ ವೇಳೆ ಅಂಟುವುದಲ್ಲ. ಮೊಲ ಜೊತೆಯಲ್ಲಿ ಬಾಳುವ ಪ್ರಾಣಿ. ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಕೂರುತ್ತಿದ್ದ ಗೆಳೆಯನನ್ನು ಕಳೆದುಕೊಂಡರೆ ಅಂಜಿಕೆಯಿಂದಲೇ ಮೇವು ಬಿಡುತ್ತದೆ. ಮೇವು ಬಿಟ್ಟರೆ ಮೊದಲಿನ ರೋಗಕ್ಕೆ ಎರಡನೆಯದು ಕೂಡಿಕೊಳ್ಳುತ್ತದೆ. ಅಲ್ಲದೆ ಬಹಳ ದಿನ ಬೇರೆಯಿದ್ದು ಮರಳಿದ ಮೊಲದ ವಾಸನೆಯನ್ನು ಹಿಂಡು ಗುರುತಿಸದೆ ಮೇಲೆಬಿದ್ದು ಕಚ್ಚುವುದುಂಟು. ಆದುದರಿಂದ ಅಂಟದ ಬೇನೆಯಲ್ಲಿ ಸಾಧುವಾದ ಒಂದು ಗೆಳೆಯನನ್ನು ಜೊತೆಗೇ ಇಡುವುದು, ಅದು ಸಾಧ್ಯವಾಗದಿದ್ದರೆ ನಡುವೆ ತಂತಿಯ ಬಲೆ ಮಾತ್ರ ಇರುವಂತೆ, ಒಂದನ್ನೊಂದು ನೋಡುವಂತೆ ಇಡುವುದು, ಇದು ಯುಕ್ತ.

ಅಂಟುಜಾಡ್ಯವಿದ್ದಾಗಲೂ ನಾವು ಒಂದು ಭೇದವನ್ನು ಮರೆಯಬಾರದು. ಬೇರೆ ಇಡುವುದು ಒಂದು, ಹೊರಗೆ ಹಾಕುವುದು ಇನ್ನೊಂದು. 2020ರ ಕೋವಿಡ್ ಕಾಲದಲ್ಲಿ ಇದನ್ನು ನಾವೆಲ್ಲ ನಮ್ಮ ಮನೆಗಳಲ್ಲಿಯೇ ಕಲಿತೆವು. ಕೋಣೆಯಲ್ಲಿ ಒಂಟಿಯಾಗಿದ್ದವರಿಗೆ ಬಾಗಿಲ ಹೊರಗಿನಿಂದ ಊಟವಿಟ್ಟು ಮಾತನಾಡಿಸಿದ ಮನೆಗಳಿದ್ದವು. ಮುಖ ತಿರುಗಿಸಿದ ಮನೆಗಳೂ ಇದ್ದವು. ಗೋಡೆ ಎರಡು ಕಡೆಯೂ ಒಂದೇ. ಒಂದು ಕಡೆ ಅದು ಚಿಕಿತ್ಸೆ, ಇನ್ನೊಂದು ಕಡೆ ಬಹಿಷ್ಕಾರ. ಬೇರೆಯಿಟ್ಟ ಮೊಲಕ್ಕೂ ಅದೇ ತಾಜಾ ಹುಲ್ಲು, ಅದೇ ನೆರಳು, ಅದೇ ಎರಡು ಹೊತ್ತಿನ ವಿಚಾರಣೆ ದೊರೆಯುತ್ತಿದ್ದರೆ ನಾಲ್ಕರ ಕ್ಷೇಮಕ್ಕಾಗಿ ಒಂದು ಬೇರೆಯಾಯಿತೇ ಹೊರತು ಬಲಿಯಾಗಲಿಲ್ಲ. ಆರೋಗ್ಯವಂತ ನಾಲ್ಕಕ್ಕೆ ಮೊದಲು ಮೇವು ಹಾಕಿ, ರೋಗಿಯನ್ನು ಕೊನೆಗೆ ಮುಟ್ಟಿ, ಕೈ ತೊಳೆದುಕೊಳ್ಳುವ ಸಣ್ಣ ಕ್ರಮದಿಂದ ಎರಡು ಧರ್ಮಗಳೂ ಉಳಿಯುತ್ತವೆ. ಬಹುವೇಳೆ ಧರ್ಮಸಂಕಟವೆಂದು ನಾವು ಹೇಳುವುದು ನಿಜವಾಗಿ ವ್ಯವಸ್ಥೆಯ ಕೊರತೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಕೆಲವು ನೂರು ರೂಪಾಯಿಗೆ ಬರುವ ಪ್ರಾಣಿಗೆ ಇಷ್ಟು ಉಪಚಾರವೇಕೆ? ಸತ್ತರೆ ಇನ್ನೊಂದನ್ನು ತರಬಹುದಲ್ಲ? ಬೆಲೆ ಎಂಬುದು ನಾವು ಕೊಟ್ಟ ಹಣ. ನೋವು ಅದು ಪಡುವ ಅನುಭವ. ಹಣದ ಅಳತೆಯಿಂದ ನೋವನ್ನು ಅಳೆಯುವುದು ಸೇರಿನಿಂದ ಬಟ್ಟೆಯನ್ನು ಅಳೆದಂತೆ. ಮೇಲಾಗಿ ಈ ಪ್ರಾಣಿಗೆ ಮನುಷ್ಯಕುಲದ ಮೇಲೆ ಹಳೆಯ ಸಾಲವೊಂದಿದೆ. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲೂಯಿ ಪಾಶ್ಚರ್ ಕೊಟ್ಟ ಲಸಿಕೆ ಸಿದ್ಧವಾದುದು ಮೊಲಗಳ ಬೆನ್ನುಹುರಿಯಿಂದ. ಇಪ್ಪತ್ತನೆಯ ಶತಮಾನದಲ್ಲಿ ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಹರಿಸುವ ದ್ರವಗಳು ಜ್ವರ ತರುವವೋ ಇಲ್ಲವೋ ಎಂಬುದನ್ನು ಮೊದಲು ಮೊಲಗಳಿಗೆ ಚುಚ್ಚಿಯೇ ಪರೀಕ್ಷಿಸುತ್ತಿದ್ದರು. ಮಿರಜದಂಥ ವೈದ್ಯನಗರದಲ್ಲಿ ವಾಸಿಸುವ ನಾವು ಈ ಮಾತನ್ನು ನೆನೆಯುವುದು ತಕ್ಕುದಾಗಿದೆ.

ಆದರೆ ಬಡವರ ಮನೆಯ ಲೆಕ್ಕವನ್ನು ನಾವು ಬಲ್ಲೆವು. ಮಗುವಿನ ಶಾಲೆಯ ಖರ್ಚಿಗೂ ಮೊಲದ ಶಸ್ತ್ರಚಿಕಿತ್ಸೆಗೂ ಒಂದೇ ಗಂಟಿನಿಂದ ಹಣ ತೆಗೆಯಬೇಕಾದ ಮನೆಗೆ ಅಪರಿಮಿತ ಹೊಣೆಯನ್ನು ಹೊರಿಸುವುದು ನ್ಯಾಯವಲ್ಲ. ನೀತಿಯು ಶಕ್ತಿಯನ್ನು ಮೀರಿ ಕೇಳಬಾರದು. ಆದರೆ ಶಕ್ತಿಯಿದ್ದಷ್ಟನ್ನು ಕೇಳದೆ ಬಿಡಲೂಬಾರದು. ನೆರಳಿಗೆ ಹಣ ಬೇಡ. ಗೋಣೀತಟ್ಟನ್ನು ನೀರಿನಲ್ಲಿ ಅದ್ದಿ ಗೂಡಿನ ಮಗ್ಗುಲಿಗೆ ತೂಗುಹಾಕುವುದಕ್ಕೆ ಹಣ ಬೇಡ. ಒದ್ದೆ ಹಾಸನ್ನು ತೆಗೆದು ಒಣಗಿದ್ದನ್ನು ಹಾಕುವುದಕ್ಕೆ, ಮಲಿನವಾದ ಹಿಂಭಾಗದ ಮೇಲೆ ನೊಣ ಮೊಟ್ಟೆಯಿಡದಂತೆ ದಿನವೂ ನೋಡುವುದಕ್ಕೆ ಹಣ ಬೇಡ. ನೋಡದಿದ್ದರೆ ಒಂದೇ ದಿನದಲ್ಲಿ ಹುಳು ಬಿದ್ದು ಮೈಯನ್ನು ಕೊರೆಯತೊಡಗುತ್ತವೆ. ದನದ ದವಾಖಾನೆಯ ವೈದ್ಯರಿಗೆ ತೋರಿಸಿ, ಇದು ಮೊಲ, ಇದಕ್ಕೆ ಬಾಯಿಯಿಂದ ಪೆನಿಸಿಲಿನ್ ಜಾತಿಯ ಔಷಧ ಆಗದಂತೆ, ಹೌದೇ ಎಂದು ವಿನಯದಿಂದ ಕೇಳುವುದಕ್ಕೂ ಹಣ ಬೇಡ. ಎಲ್ಲಕ್ಕಿಂತ ಅಗ್ಗವಾದ ಧರ್ಮವೆಂದರೆ ತರುವ ಮುನ್ನ ಲೆಕ್ಕ ಹಾಕುವುದು. ಗಂಡನ್ನೂ ಹೆಣ್ಣನ್ನೂ ಒಂದೇ ಗೂಡಿನಲ್ಲಿ ಬಿಟ್ಟರೆ ಒಂದು ತಿಂಗಳಿಗೆ ಮರಿಗಳು. ಈದ ತಾಯಿ ಕೂಡಲೇ ಮತ್ತೆ ಗರ್ಭ ಧರಿಸಬಲ್ಲದು. ಎರಡನ್ನು ಸಾಕುವ ಶಕ್ತಿಯಿದ್ದವನ ಬಳಿ ವರ್ಷದೊಳಗೆ ಇಪ್ಪತ್ತಾದರೆ ಆ ಇಕ್ಕಟ್ಟಿನಲ್ಲಿ ಹುಟ್ಟುವ ಕಚ್ಚಾಟ, ಗಾಯ, ರೋಗ ಯಾವುದೂ ದೈವದ ಕೆಲಸವಲ್ಲ.

ಈಗ ಅತಿ ಕಠಿಣವಾದ ಪ್ರಶ್ನೆಗೆ ಬರೋಣ. ಬೆನ್ನೆಲುಬು ಮುರಿದು, ಹಿಂಗಾಲುಗಳು ಸತ್ತು, ಮೂತ್ರದಲ್ಲಿಯೇ ನೆನೆದು ನರಳುವ ಮೊಲದ ಬದುಕನ್ನು ಮುಗಿಸುವುದು ದಯೆಯೇ, ಹಿಂಸೆಯೇ? 1928ರಲ್ಲಿ ಸಾಬರಮತಿಯ ಆಶ್ರಮದಲ್ಲಿ ಒಂದು ಕರು ಹೀಗೆಯೇ ಬಿದ್ದಿತ್ತು. ಚಿಕಿತ್ಸೆ ಫಲಿಸಲಿಲ್ಲ, ಮಗ್ಗುಲಾಗುವುದೂ ಅದಕ್ಕೆ ಯಾತನೆಯಾಗಿತ್ತು. ಗಾಂಧೀಜಿಯವರು ಆಶ್ರಮದವರೊಡನೆ ವಿಚಾರಮಾಡಿ, ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಬದುಕನ್ನು ಮುಗಿಸಿದರು. ದೇಶದ ಎಲ್ಲ ಕಡೆಗಳಿಂದ ಕೋಪದ ಪತ್ರಗಳು ಬಂದವು. ಅದು ಅಹಿಂಸೆಯೇ ಎಂದು ಅವರು ತಮ್ಮ ಪತ್ರಿಕೆಗಳಲ್ಲಿ ವಾದಿಸಿದರು. ಬೆಳೆಯನ್ನು ಹಾಳುಮಾಡುವ ಕೋತಿಗಳನ್ನು ಕೊಂದರೆ ಮಾತ್ರ ಅದು ಹಿಂಸೆಯೇ ಆಗುವುದೆಂದೂ ಒಪ್ಪಿಕೊಂಡರು. ಮೊದಲನೆಯದರಲ್ಲಿ ಪ್ರಾಣಿಯ ಹಿತ, ಎರಡನೆಯದರಲ್ಲಿ ನಮ್ಮ ಹಿತ. ಈ ಭೇದವನ್ನು ನಾವು ಚೆನ್ನಾಗಿ ನೆನಪಿನಲ್ಲಿಡಬೇಕು.

ಇದಕ್ಕೆ ಎದುರಾದ ಮತವೂ ಗೌರವಕ್ಕೆ ಪಾತ್ರವಾದುದೇ. ನಮ್ಮ ಸಾಂಗಲಿ, ಕೊಲ್ಹಾಪುರ, ಬೆಳಗಾವಿಗಳ ಸೀಮೆ ಜೈನಧರ್ಮದ ಸೀಮೆಯೂ ಹೌದು. ಜೀವವನ್ನು ಕೊಡಲಾರದವನಿಗೆ ತೆಗೆಯುವ ಅಧಿಕಾರವಿಲ್ಲ, ಕೊನೆಯ ಉಸಿರಿನವರೆಗೂ ಶುಶ್ರೂಷೆ ಮಾಡುವುದಷ್ಟೇ ನಮ್ಮ ಪಾಲಿನದು ಎಂಬ ನಂಬಿಕೆಯಿಂದಲೇ ಮುದಿ ದನಕರುಗಳಿಗಾಗಿ ಪಾಂಜರಪೋಳಗಳು ಹುಟ್ಟಿದವು. ಈ ಮತದ ಆಳವನ್ನು ತಿಳಿಯಬೇಕಾದರೆ 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯ ಕಥೆಯನ್ನು ನೆನೆಯಬೇಕು. ಜೀವಂತ ಪ್ರಾಣಿಯನ್ನು ಕೊಲ್ಲಲೊಲ್ಲದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಸತ್ತದ್ದು ಹಿಟ್ಟು, ಆದರೆ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಆ ಸಂಕಲ್ಪಕ್ಕಾಗಿಯೇ ತಾಯಿಮಗ ಇಬ್ಬರೂ ಪ್ರಾಣಿಗಳ ಜನ್ಮಗಳಲ್ಲಿ ತೊಳಲಿದರು.

ಈ ಕಥೆ ಕೊಲ್ಲುವವನಿಗೆ ಮಾತ್ರ ಎಚ್ಚರಿಕೆ ಎಂದು ತಿಳಿಯುವುದು ಸಾಲದು. ಸುಮ್ಮನೆ ಕುಳಿತವನಿಗೂ ಅದು ಎಚ್ಚರಿಕೆಯೇ. "ನಾವು ಕೊಲ್ಲುವುದಿಲ್ಲ" ಎಂದು ಹೇಳಿ, ನೀರನ್ನೂ ಕೊಡದೆ, ನೋವಿಗೆ ಮದ್ದನ್ನೂ ತರದೆ, "ಬೇಗ ಹೋದರೆ ಸಾಕು" ಎಂದು ಮನಸ್ಸಿನಲ್ಲಿಯೇ ಹಾರೈಸುವವನ ಕೈ ಶುದ್ಧವಿರಬಹುದು. ಆದರೆ ಅವನೂ ಹಿಟ್ಟಿನ ಕೋಳಿಯನ್ನು ಕಡಿದವನೇ. ಶುಶ್ರೂಷೆಯಿಲ್ಲದ ಅಹಿಂಸೆ ಬರಿಯ ಹೆಸರು. ಇತ್ತ, "ಪಾಪ, ನೋಡಲಾಗುವುದಿಲ್ಲ" ಎಂದು ಅವಸರದಿಂದ ಮುಗಿಸಲು ಹೊರಡುವವನನ್ನೂ ಕೇಳಬೇಕಾಗಿದೆ: ನೋಡಲಾಗದಿರುವುದು ನಿನ್ನ ಕಷ್ಟವೋ, ಅದರ ಕಷ್ಟವೋ? ದಯಾಮರಣದ ವಿಚಾರದಲ್ಲಿ ಎರಡು ಮತಗಳವರೂ ಒಪ್ಪಬಹುದಾದ ಮೂರು ಪ್ರಶ್ನೆಗಳು ನಮಗೆ ತೋರುತ್ತವೆ. ಬಲ್ಲ ವೈದ್ಯರೊಬ್ಬರು ನೋಡಿ ಗುಣವಾಗದೆಂದು ಹೇಳಿದರೇ? ನೋವನ್ನು ತಗ್ಗಿಸುವ ಯತ್ನಗಳು ನಡೆದು ಸೋತವೇ? ನಮಗೆ ಬಿಡುವು, ಹಣ, ತಾಳ್ಮೆ ಎಲ್ಲವೂ ಹೇರಳವಾಗಿದ್ದರೂ ಇದೇ ತೀರ್ಮಾನಕ್ಕೆ ಬರುತ್ತಿದ್ದೆವೇ? ಮೂರಕ್ಕೂ ಹೌದು ಎಂಬ ಉತ್ತರ ಬಂದಾಗ, ವೈದ್ಯರ ಕೈಯಿಂದ, ನೋವಿಲ್ಲದ ಕ್ರಮದಿಂದ ಆ ಬದುಕನ್ನು ಮುಗಿಸುವವರನ್ನು ನಾವು ನಿಂದಿಸಲಾರೆವು. ಆಗಲೂ ಒಲ್ಲೆನೆಂದು ಕೊನೆಯವರೆಗೆ ರಾತ್ರಿ ಹಗಲು ಕಾಯುವವರನ್ನೂ ನಿಂದಿಸಲಾರೆವು. ನಿಂದೆಗೆ ಅರ್ಹವಾದುದು ಮೂರನೆಯ ದಾರಿಯೊಂದೇ: ಗುಣವಾಗದ ಮೊಲವನ್ನು ಸಂಜೆಗತ್ತಲಲ್ಲಿ ಕೃಷ್ಣೆಯ ದಂಡೆಯಲ್ಲಿಯೋ ಕಬ್ಬಿನ ಹೊಲದಲ್ಲಿಯೋ ಬಿಟ್ಟು, "ಸ್ವತಂತ್ರಗೊಳಿಸಿದೆವು" ಎಂದು ಹೇಳಿಕೊಳ್ಳುವುದು. ಬಿಲ ತೋಡಿ ಅರಿಯದ, ನಾಯಿಯನ್ನು ಕಂಡು ಓಡಲಾರದ ಪ್ರಾಣಿಗೆ ಅದು ಸ್ವಾತಂತ್ರ್ಯವಲ್ಲ. ಸಾಕಿದ ಪ್ರಾಣಿಯನ್ನು ಹೀಗೆ ಹಸಿವು ನೀರಡಿಕೆಗೆ ಗುರಿಮಾಡಿ ಬಿಟ್ಟುಬಿಡುವುದು ಮೇಲೆ ಹೇಳಿದ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ.

ಶಿಕ್ಷಕರಾದ ನಮಗೆ ಸಂಬಂಧಿಸಿದ ಕೊನೆಯ ಮಾತೊಂದಿದೆ. ಇಂಥ ಮನೆಗಳಲ್ಲಿ ಮರುದಿನ ಬೆಳಿಗ್ಗೆ ಮಗುವಿಗೆ ಏನು ಹೇಳುತ್ತಾರೆ? "ಮೊಲ ಓಡಿಹೋಯಿತು" ಎನ್ನುತ್ತಾರೆ. ಮಗುವಿನ ಮನಸ್ಸು ನೋಯಬಾರದೆಂಬುದು ಹಿರಿಯರ ಉದ್ದೇಶ. ಆದರೆ ಮಗು ಓಣಿಯುದ್ದಕ್ಕೂ ಹುಡುಕುತ್ತದೆ; ಬಾಗಿಲು ಮುಚ್ಚದೆ ಬಿಟ್ಟವನು ತಾನೇ ಏನೋ ಎಂದು ಒಳಗೊಳಗೇ ಬೇಯುತ್ತದೆ; ಎಂದೋ ಒಂದು ದಿನ ಸತ್ಯ ತಿಳಿದಾಗ ಮೊಲವನ್ನೂ ಹಿರಿಯರ ಮಾತನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಸಾವನ್ನು ಸತ್ಯವಾಗಿ ಹೇಳುವುದು ಕ್ರೌರ್ಯವಲ್ಲ. ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ಮಗುವಿನ ಕಣ್ಣೆದುರಿಗೆ ಮಣ್ಣು ಮಾಡಿ, ಕೈ ತೊಳೆಸಿ, "ನಾವು ಇಷ್ಟು ಮಾಡಿದೆವು, ಇದಕ್ಕಿಂತ ಹೆಚ್ಚು ಆಗಲಿಲ್ಲ" ಎಂದು ಹೇಳಿದರೆ ಮಗು ಅಳುತ್ತದೆ. ಅತ್ತು, ಉಳಿದ ನಾಲ್ಕಕ್ಕೆ ಮೇವು ಹಾಕಲು ಏಳುತ್ತದೆ. ದಯೆಯ ಪಾಠವು ಆ ಏಳುವಿಕೆಯಲ್ಲಿದೆ.

ಈ ಪಾಠದ ಪ್ರಯೋಜನ ಗೂಡಿನ ಬಳಿಯೇ ಮುಗಿಯುವುದಿಲ್ಲ. ದಿನವೂ ಎರಡು ಹೊತ್ತು ಐದನ್ನೂ ಎಣಿಸಿ, ಯಾವುದು ಬಂತು, ಯಾವುದು ಬರಲಿಲ್ಲ, ಯಾವುದರ ಕಣ್ಣು ಮಂಕಾಗಿದೆ ಎಂದು ನೋಡುವ ರೂಢಿ ಬಿದ್ದ ಹುಡುಗ, ತರಗತಿಯ ಹಿಂದಿನ ಸಾಲಿನಲ್ಲಿ ಮೂರು ದಿನಗಳಿಂದ ಮಾತನಾಡದೆ ಕುಳಿತ ಗೆಳೆಯನನ್ನೂ ನೋಡುತ್ತಾನೆ. ಗದ್ದಲ ಮಾಡುವ ಹುಡುಗನ ಕಷ್ಟ ನಮಗೆ ತಾನಾಗಿಯೇ ತಿಳಿಯುತ್ತದೆ. ಸುಮ್ಮನಿರುವವನನ್ನು ನಾವು ಒಳ್ಳೆಯ ಹುಡುಗನೆಂದು ಹೊಗಳಿ ಮುಂದಕ್ಕೆ ಹೋಗುತ್ತೇವೆ. ಗಡಿನಾಡಿನ ಶಾಲೆಗಳಲ್ಲಿ ಮನೆಯ ನುಡಿ ಒಂದು, ಪೇಟೆಯ ನುಡಿ ಇನ್ನೊಂದು ಆಗಿರುವಾಗ, ಹೇಳಲು ಮಾತು ಸಾಲದೆ ಸುಮ್ಮನಿರುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ.

ಆದುದರಿಂದ ಮೊಲವನ್ನು ಸಾಕ ಬಯಸುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೇ. ಗೂಡಿಗೆ ಮರವನ್ನೂ ತಂತಿಯನ್ನೂ ಕೂಡಿಸುವ ಮೊದಲು, ಬೇನೆ ಬಂದಾಗ ತೋರಿಸುವ ವೈದ್ಯರು ಎಲ್ಲಿದ್ದಾರೆಂದು ವಿಚಾರಿಸಿರಿ. ಬೇರೆಯಿಡಲು ಎರಡನೆಯ ಗೂಡೊಂದನ್ನು ಖಾಲಿಯಾಗಿ ಇಟ್ಟುಕೊಳ್ಳಿರಿ. ಎಂಟು ಹತ್ತು ವರ್ಷ ಬದುಕಬಲ್ಲ ಪ್ರಾಣಿಯನ್ನು ಅಷ್ಟು ಕಾಲವೂ ನೋಡಿಕೊಳ್ಳುವವರು ಮನೆಯಲ್ಲಿ ಯಾರೆಂದು ನಿಶ್ಚಯಿಸಿರಿ. ಈ ಮೂರಕ್ಕೂ ಉತ್ತರ ಸಿಕ್ಕಮೇಲೆ ಮೊಲವನ್ನು ತನ್ನಿರಿ. ಸಿಗದಿದ್ದರೆ ಹಾದಿಯ ಬದಿಯಲ್ಲಿ ಹುಲ್ಲು ಮೇಯುವ ಆಡನ್ನು ನೋಡಿ ಸಂತೋಷಪಡಿರಿ; ತಾರದೆ ಇರುವುದೂ ದಯೆಯೇ.